ಹತ್ತು ದಿನಕ್ಕೊಂದು ಸರದಿ: ಫರಕ್ಕಾದಲ್ಲಿ ಗಂಗೆಯನ್ನು ಹಂಚಿಕೊಂಡ ಬಗೆ

ಏಪ್ರಿಲ್ ತಿಂಗಳ ಕೊನೆಯ ಹತ್ತು ದಿನ ಗಂಗೆ ತೀರಾ ಸೊರಗಿರುವ ಕಾಲ. ಆ ಹತ್ತು ದಿನಗಳ ಲೆಕ್ಕವನ್ನು ಭಾರತ ಮತ್ತು ಬಾಂಗ್ಲಾದೇಶಗಳು ಒಪ್ಪಿ ಸಹಿ ಮಾಡಿದ ಪಟ್ಟಿಯೊಂದು ಹೀಗೆ ಬರೆದಿಟ್ಟಿದೆ: ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿಗೆ ಬರುವ ನೀರು 60,992 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ), ಭಾರತಕ್ಕೆ 25,992, ಬಾಂಗ್ಲಾದೇಶಕ್ಕೆ 35,000. ನದಿಯ ಮೇಲ್ಭಾಗದಲ್ಲಿರುವ, ಗೇಟಿನ ಕೀಲಿ ತನ್ನ ಕೈಯಲ್ಲೇ ಇರುವ ದೇಶ, ಅತಿ ಕಷ್ಟದ ಹತ್ತು ದಿನಗಳಲ್ಲಿ ಕೆಳಗಿನವರಿಗೆ ಅರ್ಧಕ್ಕಿಂತ ಹೆಚ್ಚು ಬಿಡುವುದಾಗಿ ಬರೆದುಕೊಟ್ಟಿತು. 1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಬಾಂಗ್ಲಾ ಪ್ರಧಾನಿ ಶೇಖ್ ಹಸೀನಾ ಅವರೊಡನೆ ಕುಳಿತು ಭಾರತದ ಪರವಾಗಿ ಆ ಕಾಗದಕ್ಕೆ ಸಹಿ ಹಾಕಿದವರು ಎಚ್.ಡಿ. ದೇವೇಗೌಡರು.

ನಮ್ಮ ಓದುಗರಿಗೆ ಇದು ಸ್ವಲ್ಪ ಕಸಿವಿಸಿ ಉಂಟುಮಾಡುವ ಚಿತ್ರ. ಹಿಂದಿನ ಚಳಿಗಾಲದಲ್ಲಿ ಇದೇ ದೇವೇಗೌಡರು ಕರ್ನಾಟಕದ ಮುಖ್ಯಮಂತ್ರಿ. ತಮಿಳುನಾಡಿಗೆ 6 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಕಾವೇರಿ ನೀರು ಬಿಡಿ ಎಂದು ಅಂದಿನ ಪ್ರಧಾನಿ ಪಿ.ವಿ. ನರಸಿಂಹರಾವ್ ಹೇಳಿದಾಗ, ಮೇಲ್ಭಾಗದ ರಾಜ್ಯದ ಎಲ್ಲ ಇಕ್ಕಟ್ಟುಗಳನ್ನು ಎದುರಿಸಬೇಕಾಗಿ ಬಂದದ್ದು ಅವರಿಗೆ. ಅದೇ ಮನುಷ್ಯ ದೆಹಲಿಗೆ ಹೋದ ಆರೇ ತಿಂಗಳಲ್ಲಿ, ಕಾವೇರಿಗಿಂತ ಎಷ್ಟೋ ದೊಡ್ಡ ನದಿಯ ನೀರನ್ನು ಮತ್ತೊಂದು ದೇಶಕ್ಕೆ ಒಪ್ಪಿಸಿದ್ದು ಹೇಗೆ? ದೊಡ್ಡ ಮನಸ್ಸು, ನೆರೆಹೊರೆಯ ಸ್ನೇಹ ಎಂಬ ಉತ್ತರಗಳು ಆಗ ಪತ್ರಿಕೆಗಳಲ್ಲಿ ಬಂದವು. ಅವು ಸುಳ್ಳಲ್ಲ, ಆದರೆ ಸಾಲವು. ಫರಕ್ಕಾದಲ್ಲಿ ಹಂಚಿಕೆಯಾದದ್ದು ಯಾವ ನೀರು ಎಂಬುದನ್ನು ನೋಡದೆ ಈ ಒಪ್ಪಂದ ಅರ್ಥವಾಗುವುದಿಲ್ಲ.

ಬಂದರಿಗಾಗಿ ಒಂದು ಬ್ಯಾರೇಜ್

ಗಂಗೆ ಪಶ್ಚಿಮ ಬಂಗಾಳದೊಳಗೆ ಬಂದ ಮೇಲೆ ಎರಡಾಗುತ್ತದೆ. ಮುಖ್ಯ ಹರಿವು ಪೂರ್ವಕ್ಕೆ ತಿರುಗಿ ಬಾಂಗ್ಲಾದೇಶ ಸೇರಿ ಪದ್ಮಾ ಎನಿಸಿಕೊಳ್ಳುತ್ತದೆ. ದಕ್ಷಿಣಕ್ಕೆ ಇಳಿಯುವ ಭಾಗೀರಥಿ ಮುಂದೆ ಹೂಗ್ಲಿಯಾಗಿ ಕೋಲ್ಕತ್ತದ ಬಂದರನ್ನು ಮುಟ್ಟುತ್ತದೆ. ಶತಮಾನಗಳಿಂದ ನೀರು ಪೂರ್ವಕ್ಕೇ ಒಲಿಯುತ್ತ ಬಂದದ್ದರಿಂದ ಭಾಗೀರಥಿ ಬೇಸಿಗೆಯಲ್ಲಿ ಬಡವಾಯಿತು, ಹೂಗ್ಲಿಯಲ್ಲಿ ಹೂಳು ತುಂಬಿತು, ದೊಡ್ಡ ಹಡಗುಗಳಿಗೆ ಆಳ ಸಾಲದಾಯಿತು. ಗಂಗೆಗೆ ಅಡ್ಡಲಾಗಿ ಗೇಟುಗಳನ್ನು ನಿಲ್ಲಿಸಿ, ನಾಲೆಯೊಂದರಲ್ಲಿ 40,000 ಕ್ಯೂಸೆಕ್ ನೀರನ್ನು ಭಾಗೀರಥಿಗೆ ನುಗ್ಗಿಸಿದರೆ ಅದು ಹೂಳನ್ನು ತೊಳೆದು ಸಮುದ್ರಕ್ಕೆ ಒಯ್ಯುತ್ತದೆ ಎಂಬುದು ಯೋಜನೆ. 1957ರಲ್ಲಿ ಜರ್ಮನಿಯ ತಜ್ಞ ವಾಲ್ಟರ್ ಹೆನ್ಸೆನ್ ಇದಕ್ಕೆ ಬೆಂಬಲ ಕೊಟ್ಟರು. 1960ರ ದಶಕದ ಆರಂಭದಲ್ಲಿ ಮುರ್ಶಿದಾಬಾದ್ ಜಿಲ್ಲೆಯ ಫರಕ್ಕಾದಲ್ಲಿ, ಪೂರ್ವ ಪಾಕಿಸ್ತಾನದ ಗಡಿಯಿಂದ ಇಪ್ಪತ್ತು ಕಿಲೋಮೀಟರ್ ಒಳಗೆ, ಕೆಲಸ ಶುರುವಾಯಿತು. ಎರಡು ಕಿಲೋಮೀಟರಿಗಿಂತ ಉದ್ದದ ಬ್ಯಾರೇಜ್, ನೂರಕ್ಕೂ ಹೆಚ್ಚು ಗೇಟು, ಸುಮಾರು 38 ಕಿಲೋಮೀಟರ್ ಉದ್ದದ ನಾಲೆ.

ಬೇಡ ಎಂದ ಎಂಜಿನಿಯರ್ ಒಬ್ಬರಿದ್ದರು. ಪಶ್ಚಿಮ ಬಂಗಾಳ ಸರ್ಕಾರದ ಸೇವೆಯಲ್ಲಿದ್ದ ಕಪಿಲ್ ಭಟ್ಟಾಚಾರ್ಯ. ಬ್ಯಾರೇಜಿನ ಹಿಂದೆ ಹೂಳು ಗುಡ್ಡೆಬೀಳುತ್ತದೆ, ಮಾಲ್ಡಾ ಮತ್ತು ಮುರ್ಶಿದಾಬಾದ್ ಕೊಚ್ಚಿಹೋಗುತ್ತವೆ, ಬಿಹಾರದಲ್ಲಿ ಪ್ರವಾಹ ಹೆಚ್ಚುತ್ತದೆ, ಬಂದರಿಗೆ ಬೇಕಾದಷ್ಟು ನೀರು ಬೇಸಿಗೆಯಲ್ಲಿ ಸಿಗುವುದೇ ಇಲ್ಲ ಎಂದು ಅವರು ಬರೆದರು. ಪಾಕಿಸ್ತಾನವೂ ಈ ಯೋಜನೆಯನ್ನು 1951ರಿಂದ ವಿರೋಧಿಸುತ್ತಿದ್ದುದರಿಂದ ಅವರಿಗೆ ಪಾಕಿಸ್ತಾನದ ಏಜೆಂಟ್ ಎಂಬ ಪಟ್ಟ ಸಿಕ್ಕಿತು, ನೌಕರಿಯನ್ನೂ ಬಿಡಬೇಕಾಯಿತು. ಅವರು ಹೇಳಿದ್ದರಲ್ಲಿ ಹೆಚ್ಚಿನದೆಲ್ಲ ಮುಂದೆ ನಡೆಯಿತು.

ಇಲ್ಲಿ ಎರಡು ಸಂಗತಿಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಫರಕ್ಕಾ ಅಣೆಕಟ್ಟಲ್ಲ, ಬ್ಯಾರೇಜ್. ಕೃಷ್ಣರಾಜಸಾಗರದಂತೆ ಮಳೆಗಾಲದ ನೀರನ್ನು ಕೂಡಿಟ್ಟು ಬೇಸಿಗೆಯಲ್ಲಿ ಬಿಡಲು ಅದಕ್ಕೆ ಆಗದು. 27 ಲಕ್ಷ ಕ್ಯೂಸೆಕ್ ಪ್ರವಾಹವನ್ನು ದಾಟಿಸುವಂತೆ ಅದನ್ನು ಕಟ್ಟಲಾಗಿದೆ. ಅಷ್ಟೂ ಹಾಗೆಯೇ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಅಂದಂದಿನ ಒಳಹರಿವನ್ನು ಎರಡು ಪಾಲು ಮಾಡುವುದಷ್ಟೇ ಅದರ ಕೆಲಸ. ಎರಡನೆಯದು, ಭಾರತದ ಪಾಲು ಯಾರ ಗದ್ದೆಗೂ ಹೋಗುವುದಿಲ್ಲ. ನಾಲೆಯಲ್ಲಿ ಹೋಗಿ, ಭಾಗೀರಥಿ ಸೇರಿ, ಕೋಲ್ಕತ್ತದ ಕುಡಿಯುವ ನೀರಿನ ಉಪ್ಪನ್ನು ತಗ್ಗಿಸಿ, ಹೂಳನ್ನು ತಳ್ಳುತ್ತ ಸಮುದ್ರಕ್ಕೆ ಬೀಳುತ್ತದೆ. ಹಾಗೆ ತೊಳೆದ ಮೇಲೂ ಬಂದರಿನಲ್ಲಿ ಹೂಳೆತ್ತುವ ಯಂತ್ರಗಳಿಗೆ ಬಿಡುವು ಸಿಕ್ಕಿಲ್ಲ ಎಂಬುದು ಬೇರೆ ಮಾತು.

ನಲವತ್ತೊಂದು ದಿನದ ಪರೀಕ್ಷೆ, ಇಪ್ಪತ್ತೊಂದು ವರ್ಷದ ಜಗಳ

ಬಾಂಗ್ಲಾದೇಶ ಹುಟ್ಟಿದ ಮರುವರ್ಷವೇ ಎರಡು ದೇಶಗಳ ಜಂಟಿ ನದಿ ಆಯೋಗ ಸ್ಥಾಪನೆಯಾಯಿತು. ಗಂಗೆಯ ಪಾಲು ಮಾತ್ರ ಇತ್ಯರ್ಥವಾಗಲಿಲ್ಲ. ನಾಲೆ ಸಿದ್ಧವಾದಾಗ, 1975ರ ಏಪ್ರಿಲ್ 21ರಿಂದ ಮೇ 31ರವರೆಗೆ ಪರೀಕ್ಷೆಗೆಂದು 11,000ದಿಂದ 16,000 ಕ್ಯೂಸೆಕ್ ತೆಗೆದುಕೊಳ್ಳಲು ಢಾಕಾ ಒಪ್ಪಿತು. ಆಗಸ್ಟಿನಲ್ಲಿ ಬಾಂಗ್ಲಾದೇಶದ ಅಧ್ಯಕ್ಷ ಶೇಖ್ ಮುಜೀಬರ ಹತ್ಯೆಯಾಯಿತು. ಮುಂದಿನ ಬೇಸಿಗೆಯಲ್ಲಿ ಯಾವ ಒಪ್ಪಂದವೂ ಇಲ್ಲದೆ ಭಾರತ ನೀರು ತಿರುಗಿಸುತ್ತಲೇ ಹೋಯಿತು. 1976ರ ಮೇ 16ರಂದು ವಯೋವೃದ್ಧ ನಾಯಕ ಮೌಲಾನಾ ಭಾಸಾನಿ ರಾಜಶಾಹಿಯಿಂದ ಫರಕ್ಕಾದತ್ತ ದೊಡ್ಡ ಜಾಥಾ ಹೊರಡಿಸಿದರು. ಆ ದಿನವನ್ನು ಬಾಂಗ್ಲಾದೇಶದಲ್ಲಿ ಇಂದಿಗೂ ಫರಕ್ಕಾ ದಿನವೆಂದು ಆಚರಿಸುತ್ತಾರೆ. ಅದೇ ವರ್ಷ ದೂರು ವಿಶ್ವಸಂಸ್ಥೆಯ ಮಹಾಸಭೆಗೂ ಹೋಯಿತು. ಮಹಾಸಭೆ ಹೇಳಿದ್ದು ಇಷ್ಟೇ: ನೀವಿಬ್ಬರೂ ಕುಳಿತು ಮಾತನಾಡಿ.

ಕುಳಿತು ಮಾತನಾಡಿದ್ದರ ಫಲ 1977ರ ನವೆಂಬರ್ 5ರ ಒಪ್ಪಂದ. ಆಗ ಭಾರತದ ಪ್ರಧಾನಿ ಮೊರಾರ್ಜಿ ದೇಸಾಯಿ, ಬಾಂಗ್ಲಾದೇಶದಲ್ಲಿ ಜಿಯಾವುರ್ ರೆಹಮಾನ್ ಆಡಳಿತ. ಐದು ವರ್ಷದ ಆ ಒಪ್ಪಂದದಲ್ಲಿ ಏಪ್ರಿಲ್ ಕೊನೆಯ ಹತ್ತು ದಿನಕ್ಕೆ 55,000 ಕ್ಯೂಸೆಕ್ ಅಂದಾಜು ಮಾಡಿ ಬಾಂಗ್ಲಾದೇಶಕ್ಕೆ 34,500, ಭಾರತಕ್ಕೆ 20,500 ಎಂದು ಹಂಚಲಾಯಿತು. ಹರಿವು ಎಷ್ಟೇ ಕುಸಿದರೂ ಬಾಂಗ್ಲಾದೇಶದ ಪಾಲು ಪಟ್ಟಿಯಲ್ಲಿರುವುದರ ಶೇ 80ಕ್ಕಿಂತ ಕೆಳಗಿಳಿಯಬಾರದು ಎಂಬ ಖಾತರಿಯೂ ಇತ್ತು. 1982 ಮತ್ತು 1985ರಲ್ಲಿ ಇದರ ಜಾಗಕ್ಕೆ ಬಂದ ತಿಳಿವಳಿಕೆ ಪತ್ರಗಳಲ್ಲಿ ಆ ಖಾತರಿ ಉಳಿಯಲಿಲ್ಲ. 1988ರ ಮೇ ಮುಗಿದ ಮೇಲೆ ಕಾಗದವೇ ಇಲ್ಲ.

ನಂತರದ ಎಂಟು ಬೇಸಿಗೆಗಳಲ್ಲಿ ಭಾರತ ತನಗೆ ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಬಿಟ್ಟಿತು. ಪಬ್ನಾ ಜಿಲ್ಲೆಯ ಪಾಕ್ಶಿ ಎಂಬಲ್ಲಿ 1915ರಲ್ಲಿ ಕಟ್ಟಿದ ಹಾರ್ಡಿಂಜ್ ರೈಲು ಸೇತುವೆ ಇದೆ. ಬಾಂಗ್ಲಾದೇಶ ತನ್ನ ಗಂಗೆಯನ್ನು ಅಳೆಯುವುದು ಅಲ್ಲಿ. 1993ರ ಮಾರ್ಚಿನಲ್ಲಿ ಅಲ್ಲಿ ಹರಿವು 10,000 ಕ್ಯೂಸೆಕ್‌ಗಿಂತ ಕೆಳಕ್ಕೆ ಹೋಯಿತು. ಗಂಗೆಯಿಂದ ಕವಲೊಡೆದು ನೈಋತ್ಯ ಜಿಲ್ಲೆಗಳಿಗೆ ಸಿಹಿನೀರು ಒಯ್ಯುತ್ತಿದ್ದ ಗೊರಾಯ್ ನದಿಯ ಬಾಯಿ ಬೇಸಿಗೆಯಲ್ಲಿ ಮರಳಿನಿಂದ ಮುಚ್ಚಿಹೋಯಿತು. ಖುಲ್ನಾದ ಕಡೆ ಸಮುದ್ರದ ಉಪ್ಪು ನದಿಗಳೊಳಗೆ ಮೇಲೇರಿತು. ಕುಷ್ಟಿಯಾದ ಗಂಗಾ–ಕಪೋತಾಕ್ಷ ನೀರಾವರಿ ಯೋಜನೆಯ ಪಂಪುಗಳಿಗೆ ಎತ್ತಲು ನೀರಿಲ್ಲ. ಕೆಳಭಾಗದ ದೇಶಕ್ಕೆ ಅರೆಹೊಟ್ಟೆಗಿಂತ ಹೆಚ್ಚು ತ್ರಾಸ ಕೊಟ್ಟದ್ದು, ನಾಳೆ ಎಷ್ಟು ಬರುತ್ತದೆಂದು ಯಾರನ್ನು ಕೇಳಬೇಕೆಂಬುದೂ ತಿಳಿಯದ ಸ್ಥಿತಿ.

ಬಾಗಿಲು ತೆರೆದದ್ದು 1996ರಲ್ಲಿ, ಎರಡು ಚುನಾವಣೆಗಳಿಂದ. ಜೂನ್ ತಿಂಗಳಲ್ಲಿ ದೆಹಲಿಯಲ್ಲಿ ಸಂಯುಕ್ತ ರಂಗ, ಢಾಕಾದಲ್ಲಿ ಇಪ್ಪತ್ತೊಂದು ವರ್ಷದ ನಂತರ ಹಸೀನಾ ಅವರ ಅವಾಮಿ ಲೀಗ್ ಅಧಿಕಾರಕ್ಕೆ ಬಂದವು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಅವರು ಸಣ್ಣ ನೆರೆಯವರಿಂದ ಸಮಾನ ಪ್ರತಿಫಲ ಕೇಳಬಾರದೆಂಬ ನಿಲುವಿನವರು. ಆದರೂ ನನ್ನ ಲೆಕ್ಕದಲ್ಲಿ ಈ ಒಪ್ಪಂದದ ನಿಜವಾದ ಕೀಲಿಕೈ ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಬಳಿ ಇತ್ತು. ಆ ವರ್ಷದ ಮೇ ತಿಂಗಳಲ್ಲಿ ಪ್ರಧಾನಿ ಪಟ್ಟ ಮೊದಲು ಅರಸಿ ಹೋದದ್ದು ಅವರನ್ನು. ಅವರ ಪಕ್ಷ ಬೇಡವೆಂದ ಮೇಲೆ ಅದು ದೇವೇಗೌಡರಿಗೆ ಬಂತು. ನೀರು ಕಳೆದುಕೊಳ್ಳುವ ಬಂದರು ಅವರ ರಾಜ್ಯದ್ದು. ಬಸು ನವೆಂಬರಿನಲ್ಲಿ ಸ್ವತಃ ಢಾಕಾಕ್ಕೆ ಹೋಗಿ ಬಂದರು. ಬಂಗಾಳದ ಮುಖ್ಯಮಂತ್ರಿಯೇ ಸೈ ಎಂದ ಮೇಲೆ ಕೋಲ್ಕತ್ತದ ಬಂದರಿನ ಪರವಾಗಿ ಗಟ್ಟಿಯಾಗಿ ಅಡ್ಡ ನಿಲ್ಲುವವರು ಉಳಿಯಲಿಲ್ಲ. ಕಾವೇರಿ ಕೊಳ್ಳದಲ್ಲಿ ಇಂಥದೊಂದು ದೃಶ್ಯ ಊಹಿಸುವುದೂ ಕಷ್ಟ, ಏಕೆಂದರೆ ಅಲ್ಲಿ ಗೇಟು ಎತ್ತಿದ ದಿನ ಮಂಡ್ಯದಲ್ಲಿ ಬೆಳೆ ನಿಂತ ಗದ್ದೆಯ ರೈತ ರಸ್ತೆಗೆ ಬರುತ್ತಾನೆ. ಫರಕ್ಕಾ ನಾಲೆಯ ತುದಿಯಲ್ಲಿ ಅಂಥ ರೈತನಿರಲಿಲ್ಲ. ದೇವೇಗೌಡರು ಹಂಚಿದ್ದು ಬಂದರಿನ ನೀರನ್ನು. ಅವರ ರಾಜಕೀಯ ಧೈರ್ಯವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆ ಧೈರ್ಯಕ್ಕೆ ಇದ್ದ ಅವಕಾಶವನ್ನು ತೋರಿಸುತ್ತಿದ್ದೇನೆ.

ಪಟ್ಟಿ ನಡೆಯುವ ರೀತಿ

ಒಪ್ಪಂದದಲ್ಲಿರುವುದು ಹನ್ನೆರಡು ವಿಧಿಗಳು, ಎರಡು ಅನುಬಂಧಗಳು. ಬೇಸಿಗೆ ಎಂದರೆ ಜನವರಿ 1ರಿಂದ ಮೇ 31. ಆ ಐದು ತಿಂಗಳನ್ನು ಹತ್ತತ್ತು ದಿನಗಳ ಹದಿನೈದು ಕಂತುಗಳಾಗಿ ಒಡೆದಿದ್ದಾರೆ. ಮೊದಲ ಅನುಬಂಧದ ಸೂತ್ರ ಮೂರು ಸಾಲಿನದು. ಫರಕ್ಕಾದಲ್ಲಿ 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಮಪಾಲು. 70,000ದಿಂದ 75,000ದವರೆಗೆ ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. 75,000 ಮೀರಿದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ.

ಇಷ್ಟೇ ಆಗಿದ್ದರೆ ಇದು ಗಣಿತದ ಒಪ್ಪಂದವಾಗಿರುತ್ತಿತ್ತು. ಕೆಳಗಿರುವ ಷರತ್ತಿನಲ್ಲಿ ಜಾಣತನವಿದೆ. ಮಾರ್ಚ್ 11ರಿಂದ ಮೇ 10ರವರೆಗಿನ ಆರು ಕಂತುಗಳಲ್ಲಿ ಸಮಪಾಲಿನ ಮಾತಿಲ್ಲ. ಒಂದು ಕಂತಿನಲ್ಲಿ ಒಬ್ಬರಿಗೆ 35,000 ಕ್ಯೂಸೆಕ್ ಖಾತರಿ, ಮುಂದಿನ ಕಂತಿನಲ್ಲಿ ಮತ್ತೊಬ್ಬರಿಗೆ. ಮಾರ್ಚ್ 11ರಿಂದ 20 ಬಾಂಗ್ಲಾದೇಶದ ಸರದಿ, 21ರಿಂದ 31 ಭಾರತದ್ದು, ಏಪ್ರಿಲ್ 1ರಿಂದ 10 ಮತ್ತೆ ಬಾಂಗ್ಲಾದೇಶ. ಹೀಗೆ ಮೂರು ಮೂರು ಸರದಿ. ಪಟ್ಟಿಯ ಪ್ರಕಾರ ಏಪ್ರಿಲ್ 11ರಿಂದ 20ರವರೆಗೆ ಬರುವುದು 62,633. ಭಾರತಕ್ಕೆ 35,000 ಸಿಕ್ಕರೆ ಬಾಂಗ್ಲಾದೇಶಕ್ಕೆ 27,633. ಮರುದಿನದಿಂದ ತಕ್ಕಡಿ ಮತ್ತೊಂದು ಕಡೆ ವಾಲುತ್ತದೆ. ನಮ್ಮ ನಾಲೆಗಳಲ್ಲಿ ನೀರು ಕಡಿಮೆಯಾದಾಗ ಕಟ್ಟು ಪದ್ಧತಿ ಜಾರಿಗೆ ತರುತ್ತಾರಲ್ಲ, ಅದೇ ತರ್ಕ. ಇಬ್ಬರಿಗೂ ದಿನವೂ ಅರ್ಧ ಕೊಟ್ಟು ಇಬ್ಬರ ಕೆಲಸವೂ ಕೆಡುವುದಕ್ಕಿಂತ, ಸರದಿಯ ಮೇಲೆ ಒಬ್ಬರಿಗೆ ಕೆಲಸ ಆಗುವಷ್ಟು ಕೊಡುವುದು. ಪಂಪು ಎತ್ತುವವನಿಗೂ ಹೂಳು ತೊಳೆಯುವವನಿಗೂ ಕನಿಷ್ಠ ಮಟ್ಟ ಮುಟ್ಟದ ನೀರು ಉಪಯೋಗಕ್ಕೆ ಬರುವುದಿಲ್ಲ.

ಪ್ರಮಾಣದ ಅಂದಾಜಿಗೆ ಒಂದು ಲೆಕ್ಕ: 35,000 ಕ್ಯೂಸೆಕ್ ಒಂದು ದಿನ ಹರಿದರೆ ಸುಮಾರು 3 ಟಿಎಂಸಿ. 49.45 ಟಿಎಂಸಿಯ ಕೃಷ್ಣರಾಜಸಾಗರ ಹದಿನಾರು ಹದಿನೇಳು ದಿನಗಳಲ್ಲಿ ಬರಿದಿನಿಂದ ತುಂಬುವಷ್ಟು. ಗಡಿಯ ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ಇಡೀ ವರ್ಷದಲ್ಲಿ ತಮಿಳುನಾಡಿಗೆ ದಾಟಿಸಬೇಕಾದ 177.25 ಟಿಎಂಸಿ ಈ ವೇಗದಲ್ಲಿ ಎರಡು ತಿಂಗಳಲ್ಲಿ ದಾಟುತ್ತದೆ. ಗಂಗೆಯ ಕೊರತೆ ಎಂದರೂ ಅದು ಈ ಗಾತ್ರದ ಕೊರತೆ.

ಅಳತೆಯ ಏರ್ಪಾಡು ಇನ್ನೂ ಮುಖ್ಯ. ಐದೂ ತಿಂಗಳು ಬಾಂಗ್ಲಾದೇಶದ ತಂಡ ಫರಕ್ಕಾಕ್ಕೆ ಬಂದು ಭಾರತೀಯರ ಜೊತೆ, ಭಾರತದ ತಂಡ ಹಾರ್ಡಿಂಜ್ ಸೇತುವೆಗೆ ಹೋಗಿ ಬಾಂಗ್ಲಾದವರ ಜೊತೆ ದಿನವೂ ಹರಿವನ್ನು ಅಳೆದು ಬರೆಯುತ್ತದೆ. ಬ್ಯಾರೇಜಿನ ಕೆಳಗೆ, ನಾಲೆಯಲ್ಲಿ, ದೋಣಿ ಸಾಗುವ ಲಾಕಿನಲ್ಲಿ, ಸೇತುವೆಯ ಬಳಿ. ಫರಕ್ಕಾ ಮತ್ತು ಗಡಿಯ ನಡುವಿನ ತುಂಡಿನಲ್ಲಿ ಭಾರತ 200 ಕ್ಯೂಸೆಕ್‌ಗಿಂತ ಹೆಚ್ಚು ಬಳಸುವಂತಿಲ್ಲ ಎಂಬುದೂ ವಿಧಿಯಲ್ಲಿದೆ. ಢಾಕಾದಲ್ಲಿ ಸರ್ಕಾರ ಬದಲಾಗಲಿ, ದೆಹಲಿಯಲ್ಲಿ ಮಾತು ಬಿಗಡಾಯಿಸಲಿ, ಎರಡು ದೇಶದ ಎಂಜಿನಿಯರುಗಳು ಒಂದೇ ಪುಸ್ತಕದಲ್ಲಿ ಒಂದೇ ಅಂಕಿ ಬರೆಯುತ್ತ ಬಂದಿದ್ದಾರೆ. ಎಷ್ಟು ನೀರು ಬಂತು ಎಂಬುದೇ ವಿವಾದವಾದ ನದಿಗಳ ಕಥೆ ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ. ಒಪ್ಪಂದದಲ್ಲಿ ನಾನು ಪೂರ್ತಿ ಅಂಕ ಕೊಡುವುದು ಈ ಒಂದು ವಿಧಿಗೆ.

ಸರಾಸರಿಯ ಮೋಸ

ಪಟ್ಟಿಯಲ್ಲಿರುವ ಒಳಹರಿವಿನ ಅಂಕಿಗಳು ಎಲ್ಲಿಂದ ಬಂದವು? 1949ರಿಂದ 1988ರವರೆಗಿನ ನಲವತ್ತು ವರ್ಷಗಳ ಸರಾಸರಿಯಿಂದ. ಜನವರಿ ಮೊದಲ ಹತ್ತು ದಿನಕ್ಕೆ 1,07,516 ಕ್ಯೂಸೆಕ್‌ನಿಂದ ಆರಂಭವಾಗಿ ಏಪ್ರಿಲ್ ಕೊನೆಗೆ 60,992ಕ್ಕೆ ಇಳಿಯುವ ಆ ಅಂಕಿಗಳು ನೋಡಲು ನಿಖರ. ನಂಬಲು ಅಲ್ಲ.

ನೀರು ಹಂಚುವವರು ಸರಾಸರಿಯನ್ನು ನೆಚ್ಚುವುದಿಲ್ಲ. ಬಚಾವತ್ ನ್ಯಾಯಮಂಡಳಿ ಕೃಷ್ಣೆಯನ್ನು ಹಂಚುವಾಗ ಶೇ 75ರ ಅವಲಂಬನೆ ಹಿಡಿಯಿತು: ನಾಲ್ಕು ವರ್ಷಗಳಲ್ಲಿ ಮೂರು ವರ್ಷವಾದರೂ ಸಿಗುವ ನೀರನ್ನು ಮಾತ್ರ ಪಾಲು ಮಾಡುವುದು. 1977ರ ಗಂಗಾ ಒಪ್ಪಂದದಲ್ಲೂ ಇದೇ ಶೇ 75 ಇತ್ತು. ಅದಕ್ಕೇ ಅಲ್ಲಿ ಏಪ್ರಿಲ್ ಕೊನೆಯ ಅಂಕಿ 55,000. ಹತ್ತೊಂಬತ್ತು ವರ್ಷ ಕಳೆದ ಮೇಲೆ, ಉತ್ತರ ಪ್ರದೇಶ ಮತ್ತು ಬಿಹಾರದಲ್ಲಿ ನೀರಾವರಿ ಬೆಳೆದ ಮೇಲೆ, ಅದೇ ಹತ್ತು ದಿನಕ್ಕೆ 60,992 ಎಂದು ಬರೆದರು. ನದಿಯಲ್ಲಿ ನೀರು ಹೆಚ್ಚಿರಲಿಲ್ಲ, ಲೆಕ್ಕದ ಪದ್ಧತಿ ಬದಲಾಗಿತ್ತು. ಎರಡೂ ಸರ್ಕಾರಗಳು ತಮ್ಮ ಜನರಿಗೆ ತೋರಿಸಲು ಹೆಚ್ಚು ದೊಡ್ಡ ಅಂಕಿ ಬೇಕಾಗಿತ್ತು ಎಂದು ನಾನು ಊಹಿಸುತ್ತೇನೆ. ದೊಡ್ಡ ರೊಟ್ಟಿಯ ಚಿತ್ರ ಬರೆದರೆ ಇಬ್ಬರ ತುಂಡೂ ದೊಡ್ಡದಾಗಿ ಕಾಣುತ್ತದೆ.

ಬೆಲೆ ತೆರಬೇಕಾದದ್ದು ಮೊದಲ ಬೇಸಿಗೆಯಲ್ಲೇ. 1997ರ ಮಾರ್ಚ್ ಕೊನೆಯ ಹೊತ್ತಿಗೆ ಫರಕ್ಕಾದ ಒಳಹರಿವು 50,000ಕ್ಕಿಂತ ಕೆಳಗಿಳಿಯಿತು. ಅದು ಭಾರತದ ಸರದಿ. ಭಾರತ ತನ್ನ ಖಾತರಿಯ ನೀರನ್ನು ತೆಗೆದುಕೊಂಡಿತು. ಹಾರ್ಡಿಂಜ್ ಸೇತುವೆಯಲ್ಲಿ ಹರಿವು 7,000 ಕ್ಯೂಸೆಕ್‌ಗಿಂತಲೂ ತಗ್ಗಿತು, ಅಂದರೆ ಒಪ್ಪಂದವೇ ಇಲ್ಲದಿದ್ದ 1993ಕ್ಕಿಂತ ಕಡಿಮೆ. ಫರಕ್ಕಾದಲ್ಲಿ ಬಿಟ್ಟದ್ದು ಸೇತುವೆಯಲ್ಲಿ ಪೂರ್ತಿ ಕಾಣುತ್ತಿಲ್ಲ ಎಂಬ ದೂರೂ ಸೇರಿಕೊಂಡಿತು. ಢಾಕಾದ ವಿರೋಧ ಪಕ್ಷಗಳಿಗೆ ಅದಕ್ಕಿಂತ ಒಳ್ಳೆಯ ಅಸ್ತ್ರ ಬೇಕಿರಲಿಲ್ಲ. ಅದೃಷ್ಟಕ್ಕೆ ಮುಂದಿನ ಎರಡು ಬೇಸಿಗೆಗಳಲ್ಲಿ ಗಂಗೆ ಚೆನ್ನಾಗಿ ಹರಿದಳು, ಕಾವು ಇಳಿಯಿತು.

ಆದರೆ ರೋಗ ವಾಸಿಯಾಗಲಿಲ್ಲ. 1997ರಿಂದ 2016ರವರೆಗಿನ ಅಂಕಿಗಳನ್ನು ಒಟ್ಟುಮಾಡಿ ನೋಡಿದ ಅಧ್ಯಯನವೊಂದರ ಪ್ರಕಾರ, ಅತಿ ಕಷ್ಟದ ಕಂತುಗಳಲ್ಲಿ ಸುಮಾರು ಶೇ 65ರಷ್ಟು ಸಲ ಬಾಂಗ್ಲಾದೇಶಕ್ಕೆ ಖಾತರಿಯ ಪಾಲು ಸಿಕ್ಕಿಲ್ಲ. ಭಾರತ ಮೋಸ ಮಾಡಿತು ಎಂದು ಇದರಿಂದ ಸಿದ್ಧವಾಗುವುದಿಲ್ಲ. ಇಲ್ಲದ ನೀರಿಗೆ ಖಾತರಿ ಕೊಟ್ಟರೆ ಹೀಗೇ ಆಗುತ್ತದೆ.

ಕೊರತೆಯ ವರ್ಷಕ್ಕೆ ಒಪ್ಪಂದ ಏನು ಹೇಳುತ್ತದೆ? ಯಾವುದೇ ಹತ್ತು ದಿನದಲ್ಲಿ ಹರಿವು 50,000ಕ್ಕಿಂತ ಕೆಳಗಿಳಿದರೆ ಎರಡೂ ಸರ್ಕಾರಗಳು ಕೂಡಲೇ ಸಮಾಲೋಚನೆ ನಡೆಸಿ, ಸಮತೆ, ನ್ಯಾಯ ಮತ್ತು ಯಾರಿಗೂ ಹಾನಿಯಾಗದ ತತ್ವದ ಮೇಲೆ ತುರ್ತು ಹೊಂದಾಣಿಕೆ ಮಾಡಿಕೊಳ್ಳಬೇಕು. ಅಷ್ಟೇ. ಯಾವ ಅಂಕಿಯೂ ಇಲ್ಲ. 48,000 ಬಂದರೆ ಸರದಿಯಲ್ಲಿರುವವನು 35,000 ಹಿಡಿದುಕೊಂಡು ಮತ್ತೊಬ್ಬನಿಗೆ 13,000 ಬಿಡಬೇಕೇ, ಇಬ್ಬರೂ 24,000 ತೆಗೆದುಕೊಳ್ಳಬೇಕೇ? ಉತ್ತರವಿಲ್ಲ. ಕಾವೇರಿಯಲ್ಲಿ ಸಂಕಷ್ಟ ಸೂತ್ರವಿಲ್ಲದ ತೀರ್ಪಿನಿಂದ ನಾವು ಎಷ್ಟು ಸಲ ಬೀದಿಗೆ ಬಂದಿದ್ದೇವೆ! ಮಳೆ ಚೆನ್ನಾಗಿ ಬಂದ ವರ್ಷ ಯಾವ ಒಪ್ಪಂದವೂ ಬೇಡ. ಬೇಕಾಗುವುದು ಬಾರದ ವರ್ಷಕ್ಕೆ. ಅಲ್ಲಿಗೆ ಬಂದಾಗ ಈ ಕಾಗದ ಮೌನ ತಾಳುತ್ತದೆ. ಹಾಗೆ ಸಮಾಲೋಚಿಸಿಯೂ ಬಗೆಹರಿಯದಿದ್ದರೆ ದೂರು ಅಳತೆಯ ತಂಡಗಳನ್ನು ನೇಮಿಸುವ ಜಂಟಿ ಸಮಿತಿಯಿಂದ ಜಂಟಿ ನದಿ ಆಯೋಗಕ್ಕೆ, ಅಲ್ಲಿಂದ ಮತ್ತೆ ಅದೇ ಎರಡು ಸರ್ಕಾರಗಳಿಗೆ. ಮೂರನೆಯವರ ಮಧ್ಯಸ್ಥಿಕೆ ಇಲ್ಲ. ಆಯೋಗದ ಸಚಿವ ಮಟ್ಟದ ಸಭೆಯಂತೂ 2010ರ ನಂತರ ಮತ್ತೆ ನಡೆದದ್ದು 2022ರಲ್ಲಿ.

ಮಾತುಕತೆಗೆ ಕರೆಯದವರು

ಫರಕ್ಕಾಕ್ಕೆ ಬೇಸಿಗೆಯಲ್ಲಿ ಬರುವ ನೀರಿನ ಸುಮಾರು ಶೇ 70 ನೇಪಾಳದ ನದಿಗಳದು. ನೇಪಾಳ ಈ ಒಪ್ಪಂದದಲ್ಲಿಲ್ಲ. ಗಂಗೆಯ ಬೇಸಿಗೆ ಹರಿವನ್ನೇ ಹೆಚ್ಚಿಸಬೇಕು ಎಂದು ಎಂಟನೆಯ ವಿಧಿ ಹೇಳುತ್ತದೆ, ಹೇಗೆಂದು ಹೇಳುವುದಿಲ್ಲ. 1970ರ ದಶಕದಿಂದಲೂ ಎರಡು ಯೋಜನೆಗಳು ಮೇಜಿನ ಮೇಲಿವೆ: ಬ್ರಹ್ಮಪುತ್ರದಿಂದ ಬಾಂಗ್ಲಾದೇಶದ ನೆಲವನ್ನು ಸೀಳಿಕೊಂಡು ಗಂಗೆಗೆ ಕಾಲುವೆ ತೋಡುವುದು ಭಾರತದ್ದು, ನೇಪಾಳದಲ್ಲಿ ಅಣೆಕಟ್ಟು ಕಟ್ಟಿ ಮಳೆಗಾಲದ ನೀರು ಕೂಡಿಡುವುದು ಬಾಂಗ್ಲಾದೇಶದ್ದು. ಮೊದಲನೆಯದು ಢಾಕಾಕ್ಕೆ ಸಮ್ಮತವಿಲ್ಲ. ಎರಡನೆಯದಕ್ಕೆ ಮೂರು ದೇಶ ಒಟ್ಟಿಗೆ ಕೂರಬೇಕು, ಇಬ್ಬಿಬ್ಬರೇ ಮಾತನಾಡುವುದು ಭಾರತದ ಹಳೆಯ ರೂಢಿ. ಎರಡೂ ಕಡತಗಳು ಧೂಳು ಹಿಡಿದಿವೆ.

ಉತ್ತರ ಪ್ರದೇಶ, ಬಿಹಾರಗಳೂ ಒಪ್ಪಂದದ ಹೊರಗೆ. ಮೇಲಿನಿಂದ ಬರುವ ಹರಿವನ್ನು ಸರಾಸರಿಯ ಮಟ್ಟದಲ್ಲಿ ಕಾಪಾಡಲು ಎಲ್ಲ ಪ್ರಯತ್ನ ಮಾಡುತ್ತೇನೆ ಎಂದು ಭಾರತ ಬರೆದುಕೊಟ್ಟಿದೆ. ಆದರೆ ನೀರು ಸಂವಿಧಾನದಲ್ಲಿ ರಾಜ್ಯಗಳ ವಿಷಯ. ಗಂಗೆಯಿಂದಲೂ ಅದರ ಉಪನದಿಗಳಿಂದಲೂ ನೀರೆತ್ತುವ ಲಕ್ಷಾಂತರ ಪಂಪುಗಳಿಗೆ 1996ರ ಕಾಗದ ಏನೂ ಹೇಳುವುದಿಲ್ಲ. ಬಂದರಿನ ನೀರು ಹಂಚುವುದು ಸುಲಭವಾದದ್ದು ಇದಕ್ಕೇ: ರೈತರ ನೀರಿಗೆ ಯಾರೂ ಕೈ ಹಾಕಲಿಲ್ಲ. ಮೇಲೆ ಕಳೆದು ಉಳಿದದ್ದನ್ನು ಫರಕ್ಕಾದಲ್ಲಿ ಪಾಲು ಮಾಡಿದರು. ಉಳಿಯುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾದರೆ ಒಪ್ಪಂದ ಕಾಲಕ್ರಮೇಣ ಟೊಳ್ಳಾಗುತ್ತದೆ, ಯಾವ ವಿಧಿಯೂ ಮುರಿಯದೆ.

ಬಿಹಾರಕ್ಕೆ ತನ್ನದೇ ಸಿಟ್ಟಿದೆ. 2016ರ ಪ್ರವಾಹದ ನಂತರ ಮುಖ್ಯಮಂತ್ರಿ ನಿತೀಶ್ ಕುಮಾರ್ ಫರಕ್ಕಾವನ್ನೇ ತೆಗೆದುಹಾಕಿ ಎಂದರು. ಬ್ಯಾರೇಜಿನ ಹಿಂದೆ ನಿಂತ ಹೂಳು ನದಿಯ ತಳವನ್ನೇರಿಸಿ ತಮ್ಮ ಊರುಗಳನ್ನು ಮುಳುಗಿಸುತ್ತಿದೆ ಎಂಬುದು ಅವರ ವಾದ. ಮಾಲ್ಡಾದ ಪಂಚಾನಂದಪುರದ ಕಡೆ ಗಂಗೆ ದಂಡೆ ಕೊರೆದು ಹಳ್ಳಿಗಳನ್ನೇ ನುಂಗಿದೆ. ಒಂದು ಕಾಲಕ್ಕೆ ಅಲಹಾಬಾದಿನವರೆಗೂ ಈಜಿ ಹೋಗುತ್ತಿದ್ದ ಹಿಲ್ಸಾ ಮೀನು ಈಗ ಫರಕ್ಕಾದ ಗೇಟುಗಳ ಕೆಳಗೇ ನಿಲ್ಲುತ್ತದೆ. ಹೂಳು, ಕೊರೆತ, ಮೀನು ಇವು ಯಾವುವೂ ಒಪ್ಪಂದದಲ್ಲಿಲ್ಲ. ಅಲ್ಲಿರುವುದು ಕ್ಯೂಸೆಕ್ ಮಾತ್ರ.

ಪಶ್ಚಿಮ ಬಂಗಾಳದ ಕಥೆ ತಿರುಗಿ ನಿಂತಿತು. 1996ರಲ್ಲಿ ಮುಖ್ಯಮಂತ್ರಿ ಮುಂದೆ ನಿಂತು ಮಾಡಿಸಿದರೆ, 2011ರಲ್ಲಿ ತೀಸ್ತಾ ನದಿಯ ಒಪ್ಪಂದ ಮಮತಾ ಬ್ಯಾನರ್ಜಿ ಅವರ ವಿರೋಧದಿಂದ ಕೊನೆಯ ಗಳಿಗೆಯಲ್ಲಿ ನಿಂತಿತು. ತೀಸ್ತಾ ಕೆಳಗೆ ಉತ್ತರ ಬಂಗಾಳದ ರೈತರಿದ್ದಾರೆ, ಆ ವ್ಯತ್ಯಾಸ ಸಣ್ಣದಲ್ಲ. ಎರಡು ದೇಶಗಳ ನಡುವೆ 54 ನದಿಗಳು ಹರಿಯುತ್ತವೆ. ಬೇರೆ ನದಿಗಳಿಗೂ ಇಂಥದೇ ಒಪ್ಪಂದ ಮಾಡಿಕೊಳ್ಳುತ್ತೇವೆ ಎಂದು 1996ರಲ್ಲಿ ಬರೆದದ್ದರಲ್ಲಿ ಈವರೆಗೆ ಕಂಡದ್ದು ಫೇನಿಯಿಂದ 1.82 ಕ್ಯೂಸೆಕ್ ಕುಡಿಯುವ ನೀರು, 2022ರಲ್ಲಿ ಕುಶಿಯಾರಾದಿಂದ 153 ಕ್ಯೂಸೆಕ್, ಇಂಥ ಚಿಲ್ಲರೆ ತಿಳಿವಳಿಕೆ ಪತ್ರಗಳು.

ಮೂವತ್ತು ವರ್ಷದ ಗಡುವು

ಒಪ್ಪಂದದ ಆಯುಸ್ಸು ಮೂವತ್ತು ವರ್ಷ. ಐದು ವರ್ಷಕ್ಕೊಮ್ಮೆ ಪರಿಶೀಲಿಸಿ ತಿದ್ದಲು ಹತ್ತನೆಯ ವಿಧಿ ಅವಕಾಶ ಕೊಟ್ಟಿತ್ತು, ಪಟ್ಟಿಯ ಒಂದು ಅಂಕಿಯೂ ಬದಲಾಗಲಿಲ್ಲ. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ನರೇಂದ್ರ ಮೋದಿ ಮತ್ತು ಹಸೀನಾ ನವೀಕರಣಕ್ಕೆ ತಾಂತ್ರಿಕ ಮಾತುಕತೆ ಆರಂಭಿಸುವುದಾಗಿ ಹೇಳಿದರು. ತಮ್ಮನ್ನು ಕೇಳಲಿಲ್ಲವೆಂದು ಮಮತಾ ಪ್ರಧಾನಿಗೆ ಪತ್ರ ಬರೆದರು. ಆರು ವಾರ ಕಳೆಯುವಷ್ಟರಲ್ಲಿ ಹಸೀನಾ ಅಧಿಕಾರ ಕಳೆದುಕೊಂಡು ಭಾರತಕ್ಕೆ ಬಂದಿಳಿದರು. ಅಷ್ಟಾದರೂ 2025ರ ಮಾರ್ಚಿನಲ್ಲಿ ಬಾಂಗ್ಲಾದ ತಂಡ ಎಂದಿನಂತೆ ಫರಕ್ಕಾಕ್ಕೆ ಬಂದು ಹರಿವು ನೋಡಿ, ಕೋಲ್ಕತ್ತದಲ್ಲಿ ಜಂಟಿ ಸಮಿತಿಯ ಸಭೆಗೆ ಕುಳಿತಿತು. ಮರುತಿಂಗಳು ಭಾರತ ಪಾಕಿಸ್ತಾನದೊಡನೆಯ ಸಿಂಧೂ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಜೂನ್‌ನಲ್ಲಿ ಬಾಂಗ್ಲಾದೇಶ ಗಡಿ ದಾಟುವ ನದಿಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಸೇರಿತು. ದಕ್ಷಿಣ ಏಷ್ಯಾದಿಂದ ಮೊದಲು ಸೇರಿದ ದೇಶ ಅದು. ಇಬ್ಬರೂ ಯಾವ ಕಡೆ ನೋಡುತ್ತಿದ್ದಾರೆಂಬುದು ಇವೆರಡರಿಂದ ತಿಳಿಯುತ್ತದೆ.

ಹೊಸ ಕಾಗದ ಬರೆಯುವವರು ಸರದಿಯನ್ನೂ ಜಂಟಿ ಅಳತೆಯನ್ನೂ ಮುಟ್ಟಬಾರದು. ಪಟ್ಟಿಯನ್ನು ಮಾತ್ರ 1988ರ ನಂತರದ ಹರಿವಿನ ಮೇಲೆ, ಶೇ 75ರ ಅವಲಂಬನೆಯಲ್ಲಿ ಹೊಸದಾಗಿ ಲೆಕ್ಕಹಾಕಬೇಕು. ಅಂಕಿಗಳು ಚಿಕ್ಕದಾಗುತ್ತವೆ, ಎರಡೂ ರಾಜಧಾನಿಗಳಲ್ಲಿ ಗಲಾಟೆಯಾಗುತ್ತದೆ. 50,000ದ ಕೆಳಗೆ ಏನು ಮಾಡಬೇಕೆಂದು ಅಂಕಿಯಲ್ಲೇ ಬರೆಯಬೇಕು. ಪಟ್ನಾ ಮತ್ತು ಕೋಲ್ಕತ್ತದ ಸರ್ಕಾರಗಳನ್ನು ಸಹಿಗೆ ಮೊದಲೇ ಕೂರಿಸಿಕೊಳ್ಳಬೇಕು. ಇವುಗಳಲ್ಲಿ ಅತಿ ಕಷ್ಟದ್ದು ಕೊನೆಯದು ಎಂದು ನನಗನಿಸುತ್ತದೆ, ಏಕೆಂದರೆ ಈ ಸಲ ಬಂದರಿನ ನೀರೊಂದನ್ನೇ ಹಂಚಿ ಮುಗಿಸಲಾಗದು.

ಹನ್ನೆರಡನೆಯ ವಿಧಿಯಲ್ಲಿ ನವೀಕರಣಕ್ಕೆ ಇರುವ ಷರತ್ತು ಪರಸ್ಪರ ಒಪ್ಪಿಗೆ ಒಂದೇ. ಒಪ್ಪಿಗೆ ತಡವಾದರೆ ನಡುವಿನ ದಿನಗಳಲ್ಲಿ ಯಾವ ಪಟ್ಟಿ ನಡೆಯುತ್ತದೆಂದು ಅದು ಹೇಳುವುದಿಲ್ಲ. ಮೂವತ್ತು ವರ್ಷ ತುಂಬುವುದು 2026ರ ಡಿಸೆಂಬರ್ 12ಕ್ಕೆ. ಮುಂದಿನ ಬೇಸಿಗೆಯ ಮೊದಲ ಕಂತು ಶುರುವಾಗುವುದು ಅದಾಗಿ ಇಪ್ಪತ್ತು ದಿನಕ್ಕೆ, 2027ರ ಜನವರಿ 1ರಂದು.